ಒಂದು ಬಾಗಿಲು, ಇಬ್ಬರು ಬಡಗಿಗಳು, ನಾಲ್ಕು ಥರದ ಪುಟ್ಟಿ: ಒಂದು ವರ್ಷ ಕಾದು ಬರೆದ ರಿವ್ಯೂ

ಬಾಗಿಲ ರಿಪೇರಿ ಸಾಮಾನಿಗೆ ಮರುದಿನವೇ ಐದು ಸ್ಟಾರ್ ಕೊಟ್ಟು ರಿವ್ಯೂ ಬರೆಯುವವರನ್ನು ನಾನು ನಂಬುವುದಿಲ್ಲ. ಹಚ್ಚಿದ ದಿನ ಎಲ್ಲ ಪುಟ್ಟಿಯೂ ಚೆನ್ನಾಗೇ ಕಾಣುತ್ತದೆ. ಅಂಟಿಸಿದ ದಿನ ಎಲ್ಲ ರಬ್ಬರ್ ಪಟ್ಟಿಯೂ ಗಟ್ಟಿಯಾಗೇ ಕೂತಿರುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಕೊರೆಯುವ ಚಳಿ ಕಳೆಯಲಿ, ಆಮೇಲೆ ಮಾತಾಡೋಣ ಅಂತ ಕಾದಿದ್ದೆ. ಈಗ ಕಳೆದಿದೆ.

ನಮ್ಮ ಮನೆಗೆ ಹೊರಬಾಗಿಲು ಎರಡು. ಮುಂದಿನದು ತೇಗದ್ದು, ದಾರಂದವೂ (ಗೋಡೆಗೆ ಕೂರಿಸಿದ ಚೌಕಟ್ಟು) ಮರದ್ದೇ, ಪಶ್ಚಿಮಕ್ಕೆ ಮುಖ, ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಅದರ ಮೈಮೇಲೇ. ಹಿಂದಿನದು ತಗಡಿನ ಬಾಗಿಲು, ಒಳಗೆ ಫೋಮ್ ತುಂಬಿದ್ದು. ಹಗಲಿಗೂ ರಾತ್ರಿಗೂ 15-20 ಡಿಗ್ರಿ ವ್ಯತ್ಯಾಸ ಇರುವ ಜಾಗ, ವರ್ಷದ ಎರಡು ತುದಿ ಹಿಡಿದರೆ ಇನ್ನೂ ಜಾಸ್ತಿ. ಇಂಥ ಕಡೆ ಇರುವವರಿಗೆ ಗೊತ್ತಿರುತ್ತದೆ, ಒಂದು ಕಾಲದಲ್ಲಿ ಹೆಗಲು ಕೊಟ್ಟು ತಳ್ಳಬೇಕು, ಇನ್ನೊಂದು ಕಾಲದಲ್ಲಿ ಗಾಳಿ ಬಂದರೆ ತಾನೇ ಕಟಕಟ ಅನ್ನುತ್ತದೆ.

ಮೊದಲು ಬಡಗಿ ಸೇವೆಯ ರಿವ್ಯೂ. ಮಳೆಗಾಲದಲ್ಲಿ ಮುಂಬಾಗಿಲು ಹಿಡಿಯೋಕೆ ಶುರುವಾಯಿತು, ಚಿಲಕದ ಕಡೆ ಮೇಲಿನ ಮೂಲೆ ದಾರಂದಕ್ಕೆ ಉಜ್ಜುತ್ತಿತ್ತು. ಬಂದವರು ಕೈಯಲ್ಲಿ ತುಂಬಾ ಕೆಲಸ ಇದ್ದವರು, ನೋಡಿದರು, "ಐದು ನಿಮಿಷದ ಕೆಲಸ ಸಾರ್" ಅಂದರು, ಮರ ಹೆರೆಯುವ ತೋಪಡ ತೆಗೆದರು. ಅಂಚಿನ ಉದ್ದಕ್ಕೂ ಸುರುಳಿ ಸುರುಳಿಯಾಗಿ ಹೊಟ್ಟು ಬೀಳುವುದನ್ನು ನೋಡೋಕೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಬಾಗಿಲು ಬೆರಳಲ್ಲಿ ತಳ್ಳಿದರೆ ಮುಚ್ಚುವ ಹಾಗಾಯಿತು. ದುಡ್ಡು ಕೊಟ್ಟು ಕಳಿಸಿದೆ.

ನಾಲ್ಕು ತಿಂಗಳು ಕಳೆದು ಒಣಹವೆ ಬಂತು. ಒಂದು ಸಂಜೆ ಬಾಗಿಲು ಮುಚ್ಚಿ ಕೂತಿದ್ದಾಗ ನೆಲದ ಮೇಲೆ ಬಿಸಿಲಿನ ಒಂದು ಗೆರೆ, ಕಡ್ಡಿಯಷ್ಟು ದಪ್ಪ. ಅಳೆದೆ, ಮೇಲಿನ ಮೂಲೆಯಲ್ಲಿ 6 ಮಿ.ಮೀ. ಸಂದು. 3 ಮಿ.ಮೀ. ಇದ್ದರೆ ಸಾಕು ಅನ್ನುವ ಜಾಗ ಅದು. ಧೂಳು, ಚಳಿಗಾಳಿ, ಹುಳಹುಪ್ಪಟೆ ಎಲ್ಲದಕ್ಕೂ ದಾರಿ. ಅದೇ ಬಡಗಿಗೆ ಫೋನ್ ಮಾಡಿದರೆ "ಅವತ್ತು ಸರಿ ಇತ್ತಲ್ಲ ಸಾರ್" ಅಂದರು. ಸರಿಯೇ ಇತ್ತು ಮಾರಾಯರೇ, ಅವತ್ತಿಗೆ ಮಾತ್ರ. ಕೈ ಚುರುಕು, ಕೆಲಸ ನೀಟು, ಆದರೂ ಐದಕ್ಕೆ ಒಂದೇ ಕೊಡುತ್ತೇನೆ. ಯಾಕೆ ಅಂದರೆ ಬಾಗಿಲು ಯಾಕೆ ಹಿಡಿಯುತ್ತಿದೆ ಅಂತ ಅವರು ಕೇಳಲೇ ಇಲ್ಲ. ನಾನೂ ಕೇಳಲಿಲ್ಲ ಅನ್ನುವುದು ಬೇರೆ ಮಾತು.

ಸಂಗತಿ ಏನಂದರೆ, ಮರವನ್ನು ಹಿಗ್ಗಿಸಿ ಕುಗ್ಗಿಸುವುದು ಬಿಸಿ-ಚಳಿಗಿಂತ ಜಾಸ್ತಿ ತೇವ. ಬಿಸಿಗೆ ಮರ ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕೇ ಬಾರದಷ್ಟು. ಆದರೆ ಹವೆ ಏರಿಳಿದಾಗ ತೇವವೂ ಏರಿಳಿಯುತ್ತದೆ. ಮಧ್ಯಾಹ್ನ 30 ಡಿಗ್ರಿ ಇರುವಾಗ ಗಾಳಿಯಲ್ಲಿ ಶೇ. 40 ತೇವಾಂಶ ಇದೆ ಅಂದುಕೊಳ್ಳಿ, ಅದೇ ಗಾಳಿ ರಾತ್ರಿ 15 ಡಿಗ್ರಿಗೆ ಇಳಿದರೆ ಹತ್ತಿರ ಹತ್ತಿರ ನೂರಕ್ಕೆ ನೂರು, ಅಂದರೆ ಇಬ್ಬನಿ. ಒಂದು ತೊಟ್ಟು ಮಳೆ ಬೀಳದೆ ಬಾಗಿಲು ಒದ್ದೆ. ಮರ ಅದನ್ನು ನಿಧಾನಕ್ಕೆ ಕುಡಿಯುತ್ತದೆ, ನಿಧಾನಕ್ಕೆ ಬಿಡುತ್ತದೆ. ಹಿಗ್ಗುವುದೂ ಅಡ್ಡಡ್ಡ, ಎಳೆಯ ಉದ್ದಕ್ಕೆ ಅಲ್ಲ. ಅದಕ್ಕೇ ಹಳೇ ಕಾಲದಿಂದ ಬಾಗಿಲನ್ನು ಚೌಕಟ್ಟು ಕಟ್ಟಿ, ನಡುವೆ ಹಲಗೆಗಳನ್ನು ಅದರಲ್ಲಿ ಕೊರೆದ ಗೀರಿನೊಳಗೆ ಸಡಿಲವಾಗಿ ಕೂರಿಸುವುದು. ಹಲಗೆ ತನ್ನ ಪಾಡಿಗೆ ಹಿಗ್ಗಿ ಕುಗ್ಗುತ್ತದೆ, ಬಾಗಿಲ ಅಗಲ ಬದಲಾಗುವುದು ಎರಡು ಬದಿಯ ನಿಲುಪಟ್ಟಿಗಳ ಮಟ್ಟಿಗೆ ಮಾತ್ರ. ನಮ್ಮ ಬಾಗಿಲಿನ ಪಟ್ಟಿ ತಲಾ 110 ಮಿ.ಮೀ., ಮರದ ತೇವ ಶೇ. 4ರಷ್ಟು ಏರಿಳಿದರೆ ಎರಡೂ ಸೇರಿ ಹೆಚ್ಚೆಂದರೆ 2 ಮಿ.ಮೀ. ಅದೇ 900 ಮಿ.ಮೀ. ಅಗಲಕ್ಕೂ ಹಲಗೆಗೆ ಹಲಗೆ ಅಂಟಿಸಿ ಒಂದೇ ತುಂಡಿನ ಹಾಗೆ ಮಾಡಿದ ಬಾಗಿಲಾದರೆ 7 ಮಿ.ಮೀ.ವರೆಗೂ ಹೋಗುತ್ತದೆ.

ಅಂದರೆ 2 ಮಿ.ಮೀ. ಹಿಗ್ಗಿದ್ದಕ್ಕೆ ನಮ್ಮ ಬಾಗಿಲು ಹಿಡಿಯಬಾರದಿತ್ತು. ಕಳ್ಳ ಬೇರೆ ಇದ್ದ.

ಅವನನ್ನು ಹಿಡಿದವರು ಎರಡನೇ ಬಡಗಿ. ವಯಸ್ಸಾದವರು, ಮಾತು ಕಡಿಮೆ. ಬಂದವರೇ ಉಪಕರಣದ ಚೀಲ ಬಿಚ್ಚಲಿಲ್ಲ. ಬಾಗಿಲನ್ನು ಅರ್ಧ ತೆರೆದು, ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿದರು. ಮೇಲಿನ ಹಿಂಜ್‌ನಲ್ಲಿ ಟಕ್ ಅಂತ ಸದ್ದಾಯಿತು.

"ಕೇಳಿಸ್ತಾ?" ಅಂದರು.

"ಕೇಳಿಸ್ತು."

"ಬಾಗಿಲು ದಪ್ಪ ಆಗಿಲ್ಲ ಸ್ವಾಮಿ, ಜೋತುಬಿದ್ದಿದೆ."

ಮೇಲಿನ ಹಿಂಜ್‌ನ ಮೂರು ಸ್ಕ್ರೂಗಳಲ್ಲಿ ಎರಡು ಬೆರಳಲ್ಲೇ ತಿರುಗುತ್ತಿದ್ದವು. ಒದ್ದೆ, ಒಣ, ಒದ್ದೆ, ಒಣ ಅಂತ ವರ್ಷಗಟ್ಟಲೆ ಆಗಿ ಸ್ಕ್ರೂ ಕಚ್ಚಿದ್ದ ಮರ ಪುಡಿಯಾಗಿತ್ತು. ಮೇಲಿನ ಹಿಂಜ್ 1 ಮಿ.ಮೀ. ಸಡಿಲವಾದರೂ ಎದುರು ಬದಿಯ ಮೂಲೆ ಅದಕ್ಕಿಂತ ಜಾಸ್ತಿ ಕೆಳಕ್ಕೂ ಆಚೆಗೂ ವಾಲುತ್ತದೆ, ಅಲ್ಲಿ ಉಜ್ಜುತ್ತದೆ, ನಾವು ಅಲ್ಲೇ ಕೆತ್ತುತ್ತೇವೆ. ಅವರು ಮಾಡಿದ್ದು ಇಷ್ಟೇ: ಹಳೇ ತೂತುಗಳನ್ನು ಕೊರೆದು ದೊಡ್ಡದು ಮಾಡಿ, ಗಟ್ಟಿ ಮರದ ಗೂಟಕ್ಕೆ ಅಂಟು ಸವರಿ ಬಡಿದು, ಮರುದಿನ ಬಂದು ಹೊಸ ತೂತು ಕೊರೆದು ಸ್ಕ್ರೂ ಹಾಕಿದರು. ಮೂರರಲ್ಲಿ ಒಂದು 75 ಮಿ.ಮೀ. ಉದ್ದದ್ದು, ದಾರಂದದ ಒಳಗೆ ಆಳಕ್ಕೆ ಹೋಗುವ ಹಾಗೆ. ಎಲ್ಲ ಸ್ಟೇನ್‌ಲೆಸ್ ಸ್ಟೀಲಿನವು, ಮಾಮೂಲಿ ಕಬ್ಬಿಣದ್ದು ಹೊರಬಾಗಿಲಲ್ಲಿ ತುಕ್ಕು ಹಿಡಿದು ಸುತ್ತ ಮರವನ್ನೂ ಕಪ್ಪು ಮಾಡುತ್ತದೆ. ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿಯುವ ಉಪಾಯ ನಿಮಗೂ ಗೊತ್ತಿರುತ್ತದೆ. ಒಳಬಾಗಿಲಿಗೆ ನಡೆಯುತ್ತದೆ, ಭಾರದ ಹೊರಬಾಗಿಲಿಗೆ ಒಂದೆರಡು ತಿಂಗಳು ಅಷ್ಟೇ. ನಾನೇ ಮಾಡಿ ನೋಡಿದ್ದೆ.

ಮೊದಲನೆಯವರು ಕೆತ್ತಿ ತೆಗೆದಿದ್ದ ಅಂಚಿಗೆ ಇವರು ಅದೇ ಜಾತಿಯ ಮರದ ಪಟ್ಟಿ ಅಂಟಿಸಿ ಕ್ಲಾಂಪ್ ಹಾಕಿದರು. ಒಟ್ಟು ಎರಡು ದಿನದ ಕೆಲಸ. ಐದಕ್ಕೆ ಐದು. ಹೋಗುವಾಗ ಒಂದು ಮಾತು ಹೇಳಿದರು: ಬಾಗಿಲು ಎಲ್ಲಿ ಹಿಡಿಯುತ್ತದೆ ಅಂತ ತಿಳಿಯಬೇಕಾದರೆ ದಾರಂದಕ್ಕೆ ಸೀಮೆಸುಣ್ಣ ಬಳಿದು ಒಮ್ಮೆ ಮುಚ್ಚಿ ತೆರೆಯಿರಿ, ಬಾಗಿಲಿಗೆ ಬಿಳಿ ಎಲ್ಲಿ ಹತ್ತಿದೆಯೋ ಅಲ್ಲಿ. ಅದನ್ನೂ ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಮಾಡಿ. ಎರಡೂ ಹೊತ್ತು ಒಂದೇ ಕಡೆ ಹತ್ತಿದರೆ ಮಾತ್ರ ಉಳಿ ಮುಟ್ಟಿ.

ಇನ್ನು ಪುಟ್ಟಿಗಳು. ಬಾಗಿಲ ಕೆಳಗಿನ ಅಡ್ಡಪಟ್ಟಿ ಮಳೆ ಎರಚಲಿಗೆ ಮೆತ್ತಗಾಗಿತ್ತು. ದಬ್ಬಳ ಚುಚ್ಚಿದರೆ ಬೆಣ್ಣೆಗೆ ಹೋದ ಹಾಗೆ ಎರಡು ಇಂಚು ಜಾಗದಲ್ಲಿ ಸಲೀಸಾಗಿ ಇಳಿಯಿತು. ಮರದೊಳಗಿನ ತೇವ ಶೇ. 20 ದಾಟಿ ಹಾಗೇ ಉಳಿದರೆ ಕೊಳೆಸುವ ಬೂಷ್ಟಿಗೆ ದಾರಿ ಆದ ಹಾಗೆ, ಆಮೇಲೆ ಮೇಲೆ ಎಷ್ಟು ಬಣ್ಣ ಬಳಿದರೂ ಒಳಗೆ ಅದರ ಕೆಲಸ ಅದು ಮಾಡುತ್ತಿರುತ್ತದೆ. ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು ಒಣಗಲು ಬಿಟ್ಟೆ. ಗುಂಡಿಯ ಜೊತೆಗೆ ಬಿಸಿಲಿಗೆ ಸೀಳಿದ ಬಿರುಕುಗಳೂ ಬೇಕಾದಷ್ಟಿದ್ದವು, ಅದಕ್ಕೇ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಪುಟ್ಟಿ ತುಂಬಿ ಒಂದು ಪರೀಕ್ಷೆಯೇ ಮಾಡಿಬಿಟ್ಟೆ.

ಮರದ ಹೊಟ್ಟಿಗೆ ಬಿಳಿ ಅಂಟು ಕಲಸಿದ್ದು ಮೊದಲು. ಖರ್ಚಿಲ್ಲ, ಬಣ್ಣವೂ ಹೊಂದುತ್ತದೆ ಅಂತ ಎಲ್ಲರೂ ಹೇಳುವುದು ಇದನ್ನೇ. ಹೊರಬಾಗಿಲಿಗೆ ಬೇಡವೇ ಬೇಡ. ಮಾಮೂಲಿ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ, ಬಿಸಿಗೂ ಮೆತ್ತಗಾಗುತ್ತದೆ. ಮೊದಲ ಮಳೆಗೇ ಅಂಚು ಎದ್ದಿತು. ಡಬ್ಬಿಯಲ್ಲಿ ಬರುವ ನೀರಿನ ವುಡ್ ಪುಟ್ಟಿಯದೂ ಅದೇ ಕಥೆ, ಸ್ವಲ್ಪ ತಡವಾಗಿ. ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ "ಒಳಾಂಗಣಕ್ಕೆ" ಅಂತ ಇತ್ತು, ಓದದೆ ತಂದದ್ದು ನನ್ನ ತಪ್ಪು.

ಮೂರನೆಯದು ಕಾರಿನ ತಗಡಿನ ನೆಗ್ಗು ತುಂಬುವ ಪಾಲಿಯೆಸ್ಟರ್ ಪುಟ್ಟಿ. ಇದಕ್ಕೆ ಭಕ್ತರು ಜಾಸ್ತಿ. ಕಾಲು ಗಂಟೆಯಲ್ಲಿ ಕಲ್ಲಾಗುತ್ತದೆ, ಸ್ಯಾಂಡ್ ಪೇಪರಿಗೆ ಚೆನ್ನಾಗಿ ಬಗ್ಗುತ್ತದೆ, ಹಚ್ಚಿದ ವಾರ ನಾನೂ ಭಕ್ತನೇ ಆಗಿದ್ದೆ. ಆದರೆ ಕಲ್ಲಾಗುವುದೇ ಇದರ ರೋಗ. ಮರ ಅಲುಗಾಡುತ್ತದೆ, ಪುಟ್ಟಿ ಅಲುಗಾಡುವುದಿಲ್ಲ. ಮೊದಲು ಸುತ್ತ ಕೂದಲೆಳೆಯ ಗೆರೆ, ಆ ಗೆರೆಗೆ ನೀರು, ಆಮೇಲೆ ಒಂದು ಚಳಿಗಾಲದ ಬೆಳಗ್ಗೆ ಅಂಗೈಯಷ್ಟು ತುಂಡು ಇಡಿಯಾಗಿ ಹೊಸ್ತಿಲ ಮೇಲೆ ಬಿದ್ದಿತ್ತು. ಹಿಂದೆ ತಿರುಗಿಸಿ ನೋಡಿದರೆ ನನ್ನ ಉಳಿಯ ಗುರುತುಗಳೆಲ್ಲ ಅಚ್ಚು ಹಾಕಿದ ಹಾಗೆ ಅದರಲ್ಲಿ ಮೂಡಿದ್ದವು. ಎಷ್ಟು ಚೆನ್ನಾಗಿ ತುಂಬಿಕೊಂಡಿತ್ತು ಪಾಪ, ಹಿಡಿದುಕೊಂಡಿರಲಿಲ್ಲ ಅಷ್ಟೇ. ಹಿಡಿಕೆಯ ಹತ್ತಿರದ ಸಣ್ಣ ತೂತಿಗೆ ತುಂಬಿದ್ದು ಮಾತ್ರ ಇನ್ನೂ ಇದೆ, ಆದ್ದರಿಂದ ಐದಕ್ಕೆ ಎರಡು.

ಉಳಿದದ್ದು ಮರಕ್ಕೆಂದೇ ಬರುವ ಎರಡು ಭಾಗದ ಎಪಾಕ್ಸಿ. ಮೊದಲು ನೀರಿನಂತಿರುವ ಎಪಾಕ್ಸಿ ಹೀರಿಸಿ ಮೆತ್ತಗಿನ ಎಳೆಗಳನ್ನು ಗಟ್ಟಿ ಮಾಡಬೇಕು, ಆಮೇಲೆ ಹಿಟ್ಟಿನ ಹದದ ಪುಟ್ಟಿಯ ಎರಡು ಉಂಡೆಗಳನ್ನು ಬಣ್ಣ ಒಂದೇ ಆಗುವವರೆಗೆ ನಾದಿ ತುಂಬಬೇಕು. ಕೈಗವಸು ಹಾಕಿಕೊಳ್ಳಿ, ಚರ್ಮಕ್ಕೆ ಒಳ್ಳೆಯದಲ್ಲ. ಮರದ ಜೊತೆ ಅಷ್ಟಿಷ್ಟು ಬಗ್ಗುವ ಗುಣ ಇರುವುದನ್ನೇ ಕೇಳಿ ತರಬೇಕು. ದುಬಾರಿ, ನಿಜ. ತಾಳ್ಮೆಯೂ ಬೇಕು. ಹವೆ 10 ಡಿಗ್ರಿ ಇಳಿದರೆ ಇದು ಗಟ್ಟಿಯಾಗುವ ಹೊತ್ತು ಹೆಚ್ಚೂಕಡಿಮೆ ಎರಡು ಪಟ್ಟು. ನಾನು ಚಳಿಯ ಬೆಳಗ್ಗೆ ಹಚ್ಚಿ, ಸಂಜೆ ಮುಟ್ಟಿ ನೋಡಿದರೆ ಇನ್ನೂ ಬೆರಳಚ್ಚು ಬೀಳುತ್ತಿತ್ತು, ಮೋಸ ಹೋದೆ ಅಂದುಕೊಂಡೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗಿ ಕೂತಿತ್ತು. ಹಾಗಂತ ಸುಡುವ ಬಿಸಿಲಲ್ಲೂ ಕಲಸಬೇಡಿ, ಒಂದೇ ಸಲ ಜಾಸ್ತಿ ಕಲಸಿದರೆ ಡಬ್ಬಿಯಲ್ಲೇ ಬಿಸಿಯಾಗಿ ಹೊಗೆಯಾಡುತ್ತದೆ. ವರ್ಷ ಕಳೆದಿದೆ, ಉಗುರಿಗೆ ಸಿಗುವಷ್ಟೂ ಗೆರೆ ಬಿಟ್ಟಿಲ್ಲ. ನಾಲ್ಕೂವರೆ. ಅರ್ಧ ಕಳೆದದ್ದು ಬೆಲೆಗೆ.

ಒಂದು ವಿಷಯ ಮಾತ್ರ ಯಾವ ಡಬ್ಬಿಯ ಮೇಲೂ ಬರೆದಿರಲಿಲ್ಲ. ಕೆಳಪಟ್ಟಿ ಕೊಳೆಯಲು ಎರಚಲು ಒಂದೇ ಕಾರಣವಾ ಅಂತ ಅನುಮಾನ ಬಂದು, ಬಾಗಿಲ ನೆತ್ತಿ ಕಾಣದ ಕಾರಣ ಮೊಬೈಲನ್ನು ಮೇಲೆತ್ತಿ ಫೋಟೋ ತೆಗೆದೆ. ನೆತ್ತಿಯ ಮೇಲೆ ಬರೀ ಬೋಳು ಮರ, ಧೂಳು, ಬಡಗಿಯ ಪೆನ್ಸಿಲ್ ಗುರುತು. ಬಾಗಿಲು ಕೂರಿಸಿದ ದಿನದಿಂದ ಅಲ್ಲಿಗೆ ಬಣ್ಣ ಮುಟ್ಟಿಯೇ ಇಲ್ಲ! ಕೆಳಗಂಚಿಗೆ ಸಣ್ಣ ಕನ್ನಡಿ ಹಿಡಿದು ನೋಡಿದೆ, ಅಲ್ಲೂ ಅದೇ. ನಿಲುಪಟ್ಟಿಗಳ ಎಳೆಯ ತುದಿಗಳು ತೆರೆದಿರುವುದು ಈ ಎರಡು ಕಡೆಗಳಲ್ಲೇ, ಮರ ನೀರು ಕುಡಿಯುವುದು ಎಲ್ಲಕ್ಕಿಂತ ಜಾಸ್ತಿ ಅಲ್ಲಿಂದಲೇ, ಹೀರುಗೊಳವೆ ಇಟ್ಟ ಹಾಗೆ. ಮುಂದೆ ಹಿಂದೆ ಪಾಲಿಶ್ ಮಿಂಚುತ್ತಿರುತ್ತದೆ, ಮೇಲೂ ಕೆಳಗೂ ಬಾಯಿ ತೆರೆದಿರುತ್ತದೆ. ಈಗಲೇ ಎದ್ದು ನಿಮ್ಮ ಬಾಗಿಲ ನೆತ್ತಿಯ ಫೋಟೋ ತೆಗೆದು ನೋಡಿ, ಹತ್ತರಲ್ಲಿ ಏಳು ಮನೆಯಲ್ಲಿ ಹೀಗೇ ಇರುತ್ತದೆ ಅಂತ ನನ್ನ ಪಂದ್ಯ. ಬಾಗಿಲು ಇಳಿಸಿ ಆರೂ ಮುಖಕ್ಕೆ ಪ್ರೈಮರ್, ಬಣ್ಣ ಕೊಟ್ಟೆ. ಕೆಳಗೆ ಹೊರಗಡೆ ಒಂದು ಇಳಿಜಾರು ಪಟ್ಟಿ ಹೊಡೆದು, ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಕೊರೆಸಿದೆ, ಹರಿದು ಬರುವ ನೀರು ಒಳಕ್ಕೆ ತಿರುಗದೆ ಆ ಗೀರಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲಿದ್ದದ್ದು ಗಾಜಿನ ಹಾಗೆ ಹೊಳೆಯುವ ಒಳಾಂಗಣದ ವಾರ್ನಿಷ್, ಎಂಟೇ ತಿಂಗಳಲ್ಲಿ ಪಶ್ಚಿಮದ ಬಿಸಿಲಿಗೆ ಹಾವಿನ ಪೊರೆ ಥರ ಎದ್ದಿತ್ತು. ಹೊರಗಿನ ವಾರ್ನಿಷ್ ಬೇರೆಯೇ ಇರುತ್ತದೆ, ಮರದ ಜೊತೆ ಬಗ್ಗುತ್ತದೆ, ಬಿಸಿಲಿನ ನೇರಳಾತೀತ ಕಿರಣವನ್ನೂ ತಡೆಯುತ್ತದೆ. ನಾನು ಅದಕ್ಕೂ ಹೋಗದೆ ತಿಳಿ ಬಣ್ಣದ ಪೇಂಟ್ ಬಳಿದೆ, ಕಡುಬಣ್ಣ ಬಿಸಿಲಲ್ಲಿ ಕಾವಲಿಯಾಗುತ್ತದೆ. ಹಳೇ ಮನೆಯ ಬಣ್ಣ ಕೆರೆಯುವವರು ಒಂದು ಎಚ್ಚರ ಇಟ್ಟುಕೊಳ್ಳಿ, ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಒಣದಾಗಿ ಉಜ್ಜಿ ಆ ಧೂಳನ್ನು ಮಕ್ಕಳಿರುವ ಮನೆಗೆ ಹರಡಬೇಡಿ.

ಸಂದು ಮುಚ್ಚುವ ಪಟ್ಟಿಗಳು. ಅಗ್ಗದ ಫೋಮ್ ಟೇಪ್ ಒಂದು ಬೇಸಿಗೆಗೆ ಚಪ್ಪಟೆಯಾಗಿ ಹಾಗೇ ಉಳಿಯಿತು, ಒತ್ತಿದರೆ ಮತ್ತೆ ಏಳಲಿಲ್ಲ. ಪಿವಿಸಿ ಪಟ್ಟಿ ಚಳಿಗೆ ಬಡಿಗೆಯ ಹಾಗೆ ಸೆಟೆದುಕೊಂಡು, ಬಾಗಿಲು ಹಾಕುವಾಗಲೆಲ್ಲ ಕೀರ್ ಅಂತ ಅಳುತ್ತಿತ್ತು. ಇಪಿಡಿಎಂ ರಬ್ಬರ್, ಕಾರಿನ ಬಾಗಿಲ ಸುತ್ತ ಬರುತ್ತದಲ್ಲ ಆ ಥರದ್ದು, ಒಳಗೆ ಟೊಳ್ಳಿರುವ ಡಿ ಆಕಾರದ್ದು, ಬಿಸಿಗೂ ಚಳಿಗೂ ಮೆತ್ತಗೇ ಇದೆ. ಅದರ ಅಂಟು ಮಾತ್ರ ಕಟ್ಟುನಿಟ್ಟು: ದಾರಂದವನ್ನು ಸ್ಪಿರಿಟ್ ಹಾಕಿ ಒರೆಸಬೇಕು, ಬೆಚ್ಚಗಿರುವ ಹೊತ್ತಲ್ಲಿ ಅಂಟಿಸಬೇಕು, ಎಳೆದು ಹಿಗ್ಗಿಸಿ ಅಂಟಿಸಲೇಬಾರದು. ನಾನು ಒಂದು ಬದಿಯನ್ನು ಬಿಗಿಯಾಗಿ ಕೂರಲಿ ಅಂತ ಎಳೆದು ಅಂಟಿಸಿದ್ದೆ, ಚಳಿಗಾಲಕ್ಕೆ ತುದಿಯಲ್ಲಿ ಒಂದು ಬೆರಳಗಲ ಹಿಂದಕ್ಕೆ ಸರಿದಿದೆ. ನಾಲ್ಕು.

ಹಿಂದಿನ ತಗಡಿನ ಬಾಗಿಲಿನದು ಬೇರೆಯೇ ಜಾತಕ. ಇದು ತೇವಕ್ಕೆ ಹೆದರುವುದಿಲ್ಲ, ಬಿಸಿಲಿಗೆ ಹೆದರುತ್ತದೆ. ಇದಕ್ಕೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಬೀಗದ ನಾಲಿಗೆ ಇದೆ. ಬೇಸಿಗೆ ಮಧ್ಯಾಹ್ನ ಮೇಲಿನದೂ ಕೆಳಗಿನದೂ ಕೂರುತ್ತಲೇ ಇರಲಿಲ್ಲ, ರಾತ್ರಿ ತಾನೇ ಸರಿಹೋಗುತ್ತಿತ್ತು. ರಿಪೇರಿಯವರು ಬಂದದ್ದು ಸಂಜೆ ಏಳಕ್ಕೆ, "ಚೆನ್ನಾಗೇ ಇದೆಯಲ್ಲ" ಅಂತ ಹೋದರು. ಮೂರು ಸಲ ಹೀಗೇ ಆಯಿತು. ಕೊನೆಗೆ ನಾನೇ ಕೂತು ಲೆಕ್ಕ ಹಾಕಿದೆ. ಹೊರಗಿನ ತಗಡು 60 ಡಿಗ್ರಿ, ಒಳಗಿನದು 25. ಉಕ್ಕು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. 2.1 ಮೀಟರ್ ಎತ್ತರಕ್ಕೆ ಹೊರತಗಡು ಒಳತಗಡಿಗಿಂತ ಬರೀ 0.9 ಮಿ.ಮೀ. ಉದ್ದ. ಅಷ್ಟೇನಾ ಅನಿಸುತ್ತದೆ ಅಲ್ವಾ? ಆದರೆ ಎರಡೂ ತಗಡು 45 ಮಿ.ಮೀ. ದಪ್ಪದ ಫೋಮಿಗೆ ಅಂಟಿಕೊಂಡಿವೆ, ಉದ್ದವಾಗಲು ಜಾಗ ಇಲ್ಲ, ಆದ್ದರಿಂದ ಬಾಗಿಲು ಬಿಲ್ಲಿನ ಹಾಗೆ ಹೊರಕ್ಕೆ ಉಬ್ಬುತ್ತದೆ. ಆ ಬಾಗು 5 ಮಿ.ಮೀ.ವರೆಗೂ ಬರುತ್ತದೆ. ನಡು ದಾರಂದಕ್ಕೆ ಒತ್ತಿಕೊಳ್ಳುತ್ತದೆ, ಮೇಲಿನ ಕೆಳಗಿನ ಮೂಲೆಗಳು ಒಳಕ್ಕೆ ಬರುತ್ತವೆ, ನಾಲಿಗೆ ತೂತು ತಪ್ಪುತ್ತದೆ.

ಇದಕ್ಕೆ ಯಾವ ಪುಟ್ಟಿಯೂ ಇಲ್ಲ. ಮೂರನೇ ಸಲದ ಆಮೇಲೆ ಅದೇ ರಿಪೇರಿಯವರನ್ನು ಮಧ್ಯಾಹ್ನ ಎರಡಕ್ಕೇ ಬನ್ನಿ ಅಂತ ಹಟ ಹಿಡಿದು ಕರೆಸಿದೆ. ಅವರೇ ಕೈಯಿಟ್ಟು ಸುಟ್ಟುಕೊಂಡ ಮೇಲೆ ವಿಷಯ ಗೊತ್ತಾಯಿತು. ನಾಲಿಗೆ ಕೂರುವ ತಟ್ಟೆಗಳ ತೂತನ್ನು ಅರದಲ್ಲಿ ತಿಕ್ಕಿ 2 ಮಿ.ಮೀ. ಅಗಲ ಮಾಡಿದರು, ಮೂಲೆಗಳಿಗೆ ದಪ್ಪ ರಬ್ಬರ್ ಹಾಕಿದರು. ಕಡು ಕಂದು ಇದ್ದ ಬಾಗಿಲಿಗೆ ನಾನು ಬಿಳಿ ಬಳಿದು, ಮೇಲೊಂದು ನೆರಳು ಚಪ್ಪರ ಹಾಕಿಸಿದೆ, ಹೆಚ್ಚು ಕೆಲಸ ಮಾಡಿದ್ದು ಈ ನೆರಳೇ. ಆ ಸೇವೆಗೆ ಮೂರು ಸ್ಟಾರ್. ಮಧ್ಯಾಹ್ನ ಬಂದಿದ್ದರೆ ಮೊದಲ ಸಲಕ್ಕೇ ನಾಲ್ಕು ಕೊಡುತ್ತಿದ್ದೆ.

ಮುಂಬಾಗಿಲ ದಾರಂದದ ಒಳಮಗ್ಗುಲಲ್ಲಿ ಈಗ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದೇನೆ, ತಿಂಗಳಿಗೊಂದು ಗೆರೆ, ಪಕ್ಕದಲ್ಲಿ ಸಂದಿನ ಅಳತೆ. ಮಳೆಗಾಲದಲ್ಲಿ 2, ಒಣಗಾಲದಲ್ಲಿ ಮೂರೂವರೆ. ಮನೆಗೆ ಬಂದವರು ಮಕ್ಕಳ ಎತ್ತರ ಗುರುತು ಹಾಕಿದ್ದು ಅಂದುಕೊಳ್ಳುತ್ತಾರೆ. ಹಿಂಬಾಗಿಲು ಮಾತ್ರ ಬೇಸಿಗೆಯ ಮೂರು ಗಂಟೆಗೆ ಈಗಲೂ ಕೆಳಗೆ ಒಂದು ಸಲ ಮಂಡಿ ಕೊಟ್ಟು ಒತ್ತಿದ ಮೇಲೆಯೇ ಬೀಗ ತಿರುಗುವುದು.